ಫಾರ್ಮ್ಯಾಟ್ ಆಜ್ಞೆಯ ಬಾಲಂಗೋಚಿಗಳು



ಹಳೇ ಪೆನ್‌ಡ್ರೈವನ್ನು ಇನ್ನೊಬ್ಬರಿಗೆ ಕೊಡುವಾಗ "ಫಾರ್ಮ್ಯಾಟ್ ಮಾಡಿದ್ದೇನೆ, ಒಳಗೆ ಏನೂ ಇಲ್ಲ" ಅಂತ ಹೇಳೋದು ರೂಢಿ. ಈ ಮಾತು ಬಹಳ ಸಲ ಅರ್ಧ ಸತ್ಯ. ಆಜ್ಞೆ ಒಂದೇ ಆದರೂ ಅದರ ಹಿಂದೆ ಯಾವ ಬಾಲಂಗೋಚಿ ಕಟ್ಟಿದ್ದೇವೆ ಎಂಬುದರ ಮೇಲೆ ಫಲ ಬೇರೆಯಾಗುತ್ತದೆ. ನಮ್ಮ ಸಂಘದ ಸದಸ್ಯರ ಪಟ್ಟಿ, ವರ್ಗಣಿ ಲೆಕ್ಕ ಎಲ್ಲಾ ಒಂದು ಪೆನ್‌ಡ್ರೈವಿನಲ್ಲಿದ್ದು, ಅದು ವರ್ಷ ವರ್ಷ ಕೈ ಬದಲಾಗ್ತದೆ. ಅದಕ್ಕೇ ವಿಂಡೋಸ್‌ನ ಫಾರ್ಮ್ಯಾಟ್ ಆಜ್ಞೆಯ ಆಯ್ಕೆಗಳನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಲು ಹೊರಟೆ. ಅದರ ಸಾರ ಇಲ್ಲಿದೆ. (ಕೀಲಿಮಣೆಯಲ್ಲಿ ಒತ್ತುವಾಗ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು.)

ಕಾಮರ್ಸಿನವನಾದ ನನಗೆ ಲೆಡ್ಜರಿನ ಉಪಮೆಯೇ ಸುಲಭ. ಲೆಡ್ಜರಿನ ಮೊದಲಿಗೆ ಯಾರ ಖಾತೆ ಯಾವ ಪುಟದಲ್ಲಿದೆ ಎಂಬ ಅನುಕ್ರಮಣಿಕೆ ಇರುತ್ತದಲ್ಲ, ಡಿಸ್ಕಿನಲ್ಲೂ ಹಾಗೇ ಒಂದು ಇದೆ.

/ಕ್ಯೂ: ಶೀಘ್ರ ಫಾರ್ಮ್ಯಾಟ್. ಅನುಕ್ರಮಣಿಕೆಯನ್ನು ಮಾತ್ರ ಹೊಸದಾಗಿ ಬರೆಯುತ್ತದೆ. ಒಳಗಿನ ಪುಟಗಳು ಬಹುಮಟ್ಟಿಗೆ ಹಾಗೇ ಉಳೀತವೆ. ಹುಡುಕುವ ತಂತ್ರಾಂಶ ಇದ್ದವರು ಅವನ್ನು ಓದಬಹುದು.

/ಪಿ:2 : ಮೊದಲು ಎಲ್ಲಾ ಪುಟಗಳ ಮೇಲೂ ಸೊನ್ನೆ ಬರೆದು, ಆಮೇಲೆ ಎರಡು ಸಲ ಮನಬಂದ ಅಂಕಿ ತುಂಬುತ್ತದೆ.

/ಎಫ್‌ಎಸ್: ಕಡತ ವ್ಯವಸ್ಥೆಯ ಹೆಸರು. ಫ್ಯಾಟ್32 ಅಂದರೆ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಒಂದೇ ಕಡತ ಹಿಡಿಸದು. ವಾರ್ಷಿಕೋತ್ಸವದ ಉದ್ದನೆ ವಿಡಿಯೋ ಇಡೋದಾದರೆ ಎಕ್ಸ್‌ಫ್ಯಾಟ್ ಇಲ್ಲವೆ ಎನ್‌ಟಿಎಫ್‌ಎಸ್ ಬೇಕು.

/ವಿ: ಡಿಸ್ಕಿಗೆ ಹೆಸರು. ಇದು ಬರೀ ಅಲಂಕಾರವಲ್ಲ. ಹೆಸರಿರುವ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಹೊರಟರೆ ಯಂತ್ರ ಮೊದಲು ಆ ಹೆಸರು ಕೇಳುತ್ತದೆ. ಡ್ರೈವಿನ ಅಕ್ಷರ ತಪ್ಪಿ ಒತ್ತಿದವನು ಅಲ್ಲೇ ಸಿಕ್ಕಿಬೀಳ್ತಾನೆ, ಡಿಸ್ಕು ಉಳೀತದೆ.

/ಎಕ್ಸ್: ಡಿಸ್ಕು ಬಳಕೆಯಲ್ಲಿದ್ದರೂ ಬಲವಂತವಾಗಿ ಬಿಡಿಸಿಕೊಳ್ಳುತ್ತದೆ. ಅವಸರದಲ್ಲಿ ಮುಟ್ಟಬಾರದ ಆಯ್ಕೆ ಇದು.

ಇಷ್ಟು ಬರೆದರೆ ಕೆಲಸ ಮುಗೀತು ಅನ್ನಿಸಬಹುದು. ಮುಗಿಯಲಿಲ್ಲ. ಯಾರಾದರೂ ಜಾಣತನದಿಂದ /ಕ್ಯೂ ಮತ್ತು /ಪಿ:2 ಎರಡನ್ನೂ ಸೇರಿಸಿ ಹೊಡೆದರೆ? ಬೇಗನೂ ಆಗಲಿ, ಪೂರ್ತಿನೂ ಅಳಿಸಲಿ ಎಂಬ ಆಸೆ. ಆದರೆ /ಕ್ಯೂ ಇದ್ದಾಗ /ಪಿಯನ್ನು ಯಂತ್ರ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಆತ ಪೂರ್ತಿ ಅಳಿಸಿತೆಂದು ನಂಬಿ ಡಿಸ್ಕನ್ನು ಮಾರಿಬಿಡ್ತಾನೆ. ಸದಸ್ಯರ ಫೋನು, ವಿಳಾಸ ಅದರ ಜೊತೆಗೇ ಹೋಗ್ತವೆ. ಆಯ್ಕೆಗಳನ್ನು ಬಿಡಿಬಿಡಿಯಾಗಿ ವಿವರಿಸಿದರೆ ಈ ಅಪಾಯ ಕಾಣುವುದೇ ಇಲ್ಲ.

ಎರಡನೆಯದು ಕಾಲದ ಮಾತು. ಎಂಎಸ್-ಡಾಸ್‌ನಲ್ಲಿ /ಎಸ್ ಅಂದರೆ ಕಂಪ್ಯೂಟರನ್ನು ಚಾಲೂ ಮಾಡಲು ಬೇಕಾದ ಕಡತಗಳನ್ನು ಡಿಸ್ಕಿಗೆ ಹಾಕು ಎಂದರ್ಥ. ಇಂದಿನ ವಿಂಡೋಸ್‌ನಲ್ಲಿ /ಎಸ್: ಅನ್ನೋದು ಕಡತಗಳ ಗಿಡ್ಡ ಹೆಸರುಗಳಿಗೆ ಸಂಬಂಧಿಸಿದ್ದು. ಅಕ್ಷರ ಅದೇ, ಅರ್ಥ ಬೇರೆ. ಹಾಗೆಯೇ 1991ರ ಎಂಎಸ್-ಡಾಸ್ 5ರಲ್ಲಿ ಫಾರ್ಮ್ಯಾಟಾದ ಡಿಸ್ಕನ್ನು ಮೊದಲಿನಂತೆ ಮಾಡಲು ಅನ್‌ಫಾರ್ಮ್ಯಾಟ್ ಎಂಬ ಆಜ್ಞೆಯಿತ್ತು. ಆ ದಾರಿ ಬೇಡವೆಂದರೆ /ಯು ಹಾಕುತ್ತಿದ್ದರು. ಎಕ್ಸ್‌ಪಿಯಲ್ಲಿ /ಕ್ಯೂ ಇಲ್ಲದ ಪೂರ್ಣ ಫಾರ್ಮ್ಯಾಟು ಕೆಟ್ಟ ಜಾಗ ಇದೆಯೇ ಎಂದು ಡಿಸ್ಕನ್ನು ಓದಿ ನೋಡುತ್ತಿತ್ತು, ಅಷ್ಟೇ. 2007ರಲ್ಲಿ ಅಂಗಡಿಗೆ ಬಂದ ವಿಸ್ಟಾದಿಂದೀಚೆಗೆ ಅದು ಸೊನ್ನೆಯನ್ನೂ ಬರೆಯುತ್ತದೆ. ಹಳೇ ಹಾಳೆ ನಂಬಿ ಹೊಸ ಯಂತ್ರದ ಮುಂದೆ ಕೂತರೆ ಗತಿಯೇನು?

ಆದ್ದರಿಂದ ನನ್ನ ಹಾಳೆಯಲ್ಲಿ ಪ್ರತಿ ಆಯ್ಕೆಯ ಎದುರು ನಾಲ್ಕು ಕಲಮು ಹಾಕಿದ್ದೇನೆ: ಏನು ಮಾಡುತ್ತದೆ, ಏನು ಹೋಗುತ್ತದೆ, ಯಾವುದರ ಜೊತೆ ಸೇರದು, ಯಾವ ಆವೃತ್ತಿಗೆ ಅನ್ವಯ. ಎರಡನೇ ಕಲಮನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ವೋಚರಿಗೆ ಸಹಿ ಹಾಕುವವನು ಮೊದಲು ಮೊತ್ತ ನೋಡುವಂತೆ, ಎಂಟರ್ ಒತ್ತುವವನು ಮೊದಲು ಓದಬೇಕಾದದ್ದು ಅದನ್ನೇ.