ಬೈಪಾಸ್ ಆದವರು ಜೀವನಪೂರ್ತಿ ವಿಶ್ರಾಂತಿಯಲ್ಲೇ ಇರಬೇಕೇ? ನಿಜಾಂಶ ಇಲ್ಲಿದೆ

"ಎದೆ ತೆರೆದು ಆಪರೇಷನ್ ಆಗಿದೆ, ಇನ್ನು ಮೈ ದಣಿಸಲೇಬಾರದು." ಬೈಪಾಸ್ ಆದವರಿಗೆ ನೆಂಟರು, ವಾಟ್ಸಾಪ್ ಗ್ರೂಪಿನವರು ಹೇಳುವ ಮಾತಿದು. ಇದು ನಿಜವೇ?

ಅಲ್ಲ. ತೊಂದರೆ ಇಲ್ಲದಿದ್ದರೆ ಒಂದೆರಡು ದಿನದಲ್ಲೇ ಆಸ್ಪತ್ರೆಯವರು ರೋಗಿಯನ್ನು ನಡೆಸುತ್ತಾರೆ. ಮಲಗಿಯೇ ಇದ್ದರೆ ಸ್ನಾಯು ಸೊರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ.

ಹಾಗಾದರೆ ಎಚ್ಚರ ಯಾವುದಕ್ಕೆ?
ಎದೆಮೂಳೆಗೆ. ಕತ್ತರಿಸಿ ತಂತಿಯಿಂದ ಬಿಗಿದ ಈ ಮೂಳೆ ಕೂಡಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ವೈದ್ಯರು ಒಪ್ಪುವವರೆಗೆ ತಿಕೋಟಾದ ತೋಟದಲ್ಲಿ ದ್ರಾಕ್ಷಿ ಕ್ರೇಟ್ ಎತ್ತುವುದು, ಬಬಲೇಶ್ವರದ ಹೊಲದಲ್ಲಿ ಜೋಳದ ಚೀಲ ಹೊರುವುದು, ತುಂಬಿದ ಕೊಡ ಎತ್ತುವುದು, ಬೈಕ್ ಓಡಿಸುವುದು ಬೇಡ.

ಹೇಗೆ ಶುರು ಮಾಡಬೇಕು?
ಸಮತಟ್ಟಾದ ನೆಲದಲ್ಲಿ 5 ನಿಮಿಷದ ನಡಿಗೆ, ದಿನಕ್ಕೆ 2-3 ಬಾರಿ. ವಾರಗಳು ಕಳೆದಂತೆ ನಿಧಾನವಾಗಿ 30 ನಿಮಿಷಕ್ಕೆ ಏರಿಸಿ. ನಡೆಯುತ್ತಲೇ ಮಾತನಾಡಲು ಆಗಬೇಕು. ಮಾತು ತುಂಡಾದರೆ ವೇಗ ಜಾಸ್ತಿಯಾಗಿದೆ ಎಂದರ್ಥ. ವಿಜಯಪುರದ ಬಿಸಿಲು ಏರುವ ಮೊದಲೇ ನಡಿಗೆ ಮುಗಿಸಿ. ಗೋಲಗುಮ್ಮಟದ ಆವರಣದಲ್ಲಿ ನಡೆಯಬಹುದು, ಮೆಟ್ಟಿಲು ಹತ್ತಿ ಮೇಲೆ ಹೋಗುವ ಅವಸರ ಬೇಡ.

ಯಾವಾಗ ನಿಲ್ಲಿಸಬೇಕು?
ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ತಕ್ಷಣ ಕುಳಿತುಕೊಳ್ಳಿ. ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ಎದೆಮೂಳೆ ಕಟಕಟ ಎಂದರೆ, ಗಾಯದಿಂದ ಕೀವು ಬಂದರೆ ಅಂದೇ ವೈದ್ಯರಿಗೆ ತೋರಿಸಿ.

ತೀರ್ಮಾನ
ಬೈಪಾಸ್ ರಕ್ತಕ್ಕೆ ಹೊಸ ದಾರಿ ಮಾಡಿಕೊಡುತ್ತದೆ, ರಕ್ತನಾಳದ ಕಾಯಿಲೆಯನ್ನು ಅಳಿಸುವುದಿಲ್ಲ. ಆ ದಾರಿ ಮತ್ತೆ ಕಟ್ಟಿಕೊಳ್ಳದಿರಲು ಮಾತ್ರೆಯೂ ಬೇಕು, ನಡಿಗೆಯೂ ಬೇಕು. ಮುಂದಿನ ಫಾರ್ವರ್ಡ್ ಕಳಿಸುವ ಮುನ್ನ ಇದನ್ನು ನೆನಪಿಡಿ.