ದೇಹದ ತೂಕ, ದಿನಚರಿ, ಬಾಂಧವ್ಯ: ಗ್ರಾಮೀಣ ಕುಟುಂಬಗಳ ಮೇಲೆ ಸಾಮಾಜಿಕ ಜಾಲತಾಣಗಳ ಪ್ರಭಾವ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು (2019-21) ಕರ್ನಾಟಕದ ಬಗ್ಗೆ ಒದಗಿಸಿರುವ ಅಂಕಿಅಂಶಗಳಲ್ಲಿ, ಮೇಲ್ನೋಟಕ್ಕೆ ಪರಸ್ಪರ ವಿರುದ್ಧವೆಂದು ತೋರುವ ಎರಡು ಸಂಗತಿಗಳಿವೆ. ರಾಜ್ಯದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 30.1ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ (2015-16) ಈ ಪ್ರಮಾಣ ಶೇ. 23.3 ಇತ್ತು. ಪುರುಷರಲ್ಲಿ ಇದು ಶೇ. 22.1ರಿಂದ ಶೇ. 30.9ಕ್ಕೆ ಏರಿದೆ. ಇದೇ ಸಮೀಕ್ಷೆಯ ಪ್ರಕಾರ ಅದೇ ವಯೋಮಾನದ ಮಹಿಳೆಯರಲ್ಲಿ ಶೇ. 17.2ರಷ್ಟು ಮಂದಿಯ ತೂಕ ಇರಬೇಕಾದುದಕ್ಕಿಂತ ಕಡಿಮೆಯಿದ್ದು, ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಒಂದೇ ಊರಿನಲ್ಲಿ, ಹಲವೊಮ್ಮೆ ಒಂದೇ ಸೂರಿನಡಿಯಲ್ಲಿ, ಹೊಟ್ಟೆ ಕರಗಿಸಿಕೊಳ್ಳಬೇಕಾದ ತಂದೆಯೂ ಇನ್ನೊಂದು ತುತ್ತು ಹೆಚ್ಚು ಉಣ್ಣಬೇಕಾದ ಮಗಳೂ ಇದ್ದಾರೆ. ಇಬ್ಬರ ಕೈಯಲ್ಲಿಯೂ ಈಗ ಫೋನ್ ಇದೆ. ಇಬ್ಬರಿಗೂ ಅದು ನೀಡುವ ಉಪದೇಶ ಒಂದೇ: ತೂಕ ಇಳಿಸಿ.

ತನ್ನನ್ನು ನೋಡುತ್ತಿರುವವರ ಹಿಮೋಗ್ಲೋಬಿನ್ ಪ್ರಮಾಣ ಎಷ್ಟೆಂಬುದು ಫೋನಿಗೆ ತಿಳಿಯದು. ಆಶಾ ಕಾರ್ಯಕರ್ತೆಗೆ ಅದು ತಿಳಿದಿರುತ್ತದೆ. ಅಂಗನವಾಡಿ ಕಾರ್ಯಕರ್ತೆಗೆ ಆ ಮನೆಯ ಮಕ್ಕಳ ತೂಕ ತಿಳಿದಿರುತ್ತದೆ. ವಾರ್ಡಿನ ಸದಸ್ಯರಿಗೆ ಆ ಮನೆಯ ಸ್ಥಿತಿಗತಿ ತಿಳಿದಿರುತ್ತದೆ. ಸಾಮಾಜಿಕ ಜಾಲತಾಣಗಳ ವಿಷಯವು ಪಟ್ಟಣದವರ ಚಿಂತೆಯೆಂದೂ, ಗ್ರಾಮ ಪಂಚಾಯತಿಯ ವ್ಯಾಪ್ತಿಗೆ ಸೇರಿದ್ದಲ್ಲವೆಂದೂ ಭಾವಿಸುವವರು ಇನ್ನೂ ಇದ್ದಾರೆ. ರಸ್ತೆ, ಚರಂಡಿ, ಕುಡಿಯುವ ನೀರಿನಂತೆ ಇದು ಕಣ್ಣಿಗೆ ಕಾಣುವ ಕೆಲಸವಲ್ಲ, ನಿಜ. ಆದರೆ ಊರಿನವರ ಊಟ, ನಿದ್ರೆ, ಮಾತುಕತೆಗಳನ್ನು ಬದಲಿಸುತ್ತಿರುವ ಶಕ್ತಿಯೊಂದು ಊರಿನವರಿಗೆ ಸಂಬಂಧವಿಲ್ಲದ್ದು ಹೇಗಾದೀತು?

ಪರದೆಯ ಹಿಂದಿನ ಲೆಕ್ಕಾಚಾರ

2016ರ ಸೆಪ್ಟೆಂಬರ್‌ನಲ್ಲಿ ಅಗ್ಗದ 4ಜಿ ಸೇವೆ ದೇಶದಲ್ಲಿ ಆರಂಭವಾದ ಮೇಲೆ ಹಳ್ಳಿಗಳಲ್ಲಿ ವಿಡಿಯೊ ವೀಕ್ಷಣೆ ಸುಲಭವಾಯಿತು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಮರು ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತದಲ್ಲಿ ಕಾಣಿಸಿಕೊಂಡವು. ಆ ತಿಂಗಳುಗಳಲ್ಲಿ ಶಾಲೆಗಳು ಮುಚ್ಚಿದ್ದವು. ಪಾಠಕ್ಕಾಗಿ ಮಕ್ಕಳ ಕೈಗೆ ಕೊಟ್ಟ ಫೋನ್, ಶಾಲೆ ತೆರೆದ ಮೇಲೂ ಅನೇಕ ಮನೆಗಳಲ್ಲಿ ಹಿಂದಕ್ಕೆ ಬರಲಿಲ್ಲ.

ಈ ಜಾಲತಾಣಗಳಿಗೆ ಬಳಕೆದಾರರು ಹಣ ಕೊಡುವುದಿಲ್ಲ. ಆದಾಯ ಬರುವುದು ಜಾಹೀರಾತಿನಿಂದ. ಆದ್ದರಿಂದ ನೋಡುಗರು ಹೆಚ್ಚು ಹೊತ್ತು ಉಳಿದಷ್ಟೂ ಕಂಪನಿಗೆ ಲಾಭ. ಯಾವ ವಿಡಿಯೊದ ಮುಂದೆ ಎಷ್ಟು ಕ್ಷಣ ಬೆರಳು ನಿಂತಿತು ಎಂಬುದನ್ನು ವ್ಯವಸ್ಥೆಯು ದಾಖಲಿಸಿಕೊಂಡು, ಅದೇ ಬಗೆಯದನ್ನು ಮತ್ತೆ ಮತ್ತೆ ಮುಂದಿಡುತ್ತದೆ. ಪತ್ರಿಕೆಗೆ ಕೊನೆಯ ಪುಟವಿದೆ, ಧಾರಾವಾಹಿಗೆ ಆ ದಿನದ ಕಂತಿನ ಮುಕ್ತಾಯವಿದೆ. ರೀಲ್ಸ್‌ಗೆ ಮಾತ್ರ ಕೊನೆಯೆಂಬುದನ್ನು ಇಟ್ಟಿಲ್ಲ. ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಕುತೂಹಲದಿಂದ ‘ಒಂದು ವಾರದಲ್ಲಿ ಹೊಟ್ಟೆ ಕರಗಿಸಿ’ ಎಂಬ ವಿಡಿಯೊವನ್ನು ಕೊನೆಯವರೆಗೆ ನೋಡಿದರೆ, ಮರುದಿನದಿಂದ ಅವಳ ಪರದೆಯಲ್ಲಿ ಅಂಥವೇ ಸಾಲುಗಟ್ಟುತ್ತವೆ. ಲೋಕವೆಲ್ಲ ತೂಕ ಇಳಿಸುತ್ತಿದೆ, ತಾನೊಬ್ಬಳೇ ಹಿಂದುಳಿದಿದ್ದೇನೆ ಎಂದು ಆಕೆಗೆ ಅನಿಸಿದರೆ ಆಶ್ಚರ್ಯವಿಲ್ಲ.

ದೃಶ್ಯ ಮಾಧ್ಯಮವು ದೇಹದ ಬಗೆಗಿನ ಕಲ್ಪನೆಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಪೆಸಿಫಿಕ್ ಸಾಗರದ ಫಿಜಿ ದ್ವೀಪದ ಅಧ್ಯಯನವೊಂದು ಸಾಕ್ಷಿ. ನಮ್ಮ ಹಳ್ಳಿಗಳಂತೆ ಅಲ್ಲಿಯೂ ಮೈಕೈ ತುಂಬಿಕೊಂಡಿರುವುದೇ ಆರೋಗ್ಯದ, ಚೆಲುವಿನ ಲಕ್ಷಣವೆಂದು ಹಿರಿಯರು ಎಣಿಸುತ್ತಿದ್ದರು. 1995ರಲ್ಲಿ ಆ ಪ್ರದೇಶಕ್ಕೆ ದೂರದರ್ಶನ ಬಂದಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಆನ್ ಬೆಕರ್ ಅವರ ತಂಡವು ಶಾಲಾ ಬಾಲಕಿಯರನ್ನು ಆಗ ಒಮ್ಮೆ, ಮೂರು ವರ್ಷಗಳ ನಂತರ ಇನ್ನೊಮ್ಮೆ ವಿಚಾರಿಸಿತು. ತೂಕ ಇಳಿಸಲು ತಾವಾಗಿಯೇ ವಾಂತಿ ಮಾಡಿಕೊಳ್ಳುವವರು ಮೊದಲ ಬಾರಿ ಒಬ್ಬರೂ ಇರಲಿಲ್ಲ. 1998ರ ಹೊತ್ತಿಗೆ ಶೇ. 11.3ರಷ್ಟು ಬಾಲಕಿಯರು ಹಾಗೆ ಮಾಡುತ್ತಿರುವುದಾಗಿ ತಿಳಿಸಿದರು. ಅದು ಮನೆಮಂದಿಯೆಲ್ಲ ಸೇರಿ ನೋಡುತ್ತಿದ್ದ ದೂರದರ್ಶನ. ಇಂದಿನದು ಒಬ್ಬೊಬ್ಬರ ಹಾಸಿಗೆಯವರೆಗೂ ಹೋಗುವ ಪರದೆ. ಇನ್‌ಸ್ಟಾಗ್ರಾಂನಿಂದ ಹದಿಹರೆಯದ ಪ್ರತಿ ಮೂವರು ಬಾಲಕಿಯರಲ್ಲಿ ಒಬ್ಬಳಿಗೆ ತನ್ನ ದೇಹದ ಬಗೆಗಿನ ಅಸಮಾಧಾನ ಹೆಚ್ಚುತ್ತಿದೆ ಎಂದು ಆ ಕಂಪನಿಯ ಆಂತರಿಕ ಟಿಪ್ಪಣಿಯೇ ಹೇಳಿದ್ದು 2021ರಲ್ಲಿ ಬಹಿರಂಗವಾಯಿತು.

ತೂಕ ಸರಿಯಾಗಿದೆಯೇ ಎಂಬುದನ್ನು ತಿಳಿಯಲು ಯಾವ ವಿಡಿಯೊವೂ ಬೇಕಾಗಿಲ್ಲ. ವಯಸ್ಕರಲ್ಲಿ ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ 18.5ಕ್ಕಿಂತ ಕಡಿಮೆಯಿದ್ದರೆ ಕಡಿಮೆ ತೂಕ, 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ತೂಕ. ಭಾರತೀಯರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಬೇಗ ತಲೆದೋರುವುದರಿಂದ 23ರಿಂದಲೇ ಎಚ್ಚರ ವಹಿಸಬೇಕೆಂದು ವೈದ್ಯರು ಹೇಳುತ್ತಾರೆ. 160 ಸೆಂ.ಮೀ. ಎತ್ತರದ ಮಹಿಳೆ 64 ಕೆ.ಜಿ. ಇದ್ದರೆ 25 ಆಗುತ್ತದೆ, 47 ಕೆ.ಜಿ.ಗೆ ಇಳಿದರೆ ಅದು ನ್ಯೂನಪೋಷಣೆಯ ಸ್ಥಿತಿ. ರೀಲ್ಸ್‌ನಲ್ಲಿ ಹೊಗಳಿಸಿಕೊಳ್ಳುವ ಎಷ್ಟೋ ಮೈಕಟ್ಟುಗಳು ಆರೋಗ್ಯ ಕೇಂದ್ರದ ತಕ್ಕಡಿಯಲ್ಲಿ ಚಿಕಿತ್ಸೆಗೆ ಅರ್ಹವಾದವು. ಮಕ್ಕಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರದನ್ನು ವಯಸ್ಸಿಗೆ ಅನುಗುಣವಾದ ಬೆಳವಣಿಗೆಯ ಪಟ್ಟಿಯಲ್ಲಿಯೇ ನೋಡಬೇಕು.

ಪುಡಿ, ಕಷಾಯ, ಸ್ಟೇಟಸ್

ಬಾಲಕರದು ಬೇರೆಯೇ ಸಮಸ್ಯೆ. ಉಬ್ಬಿದ ತೋಳು, ಹೊಟ್ಟೆಯ ಮೇಲಿನ ಆರು ಪಟ್ಟಿಗಳೇ ಗಂಡಸುತನವೆಂಬ ಭ್ರಮೆಯಲ್ಲಿ ಪ್ರೋಟೀನ್ ಪುಡಿಯ ಡಬ್ಬಿಗೆ ಸಾವಿರಾರು ರೂಪಾಯಿ ಸುರಿಯುವ ಯುವಕರು ಹೋಬಳಿ ಕೇಂದ್ರಗಳಲ್ಲಿಯೂ ಇದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು, ಮಾಂಸಖಂಡ ಬೆಳೆಸಲು ಪ್ರೋಟೀನ್ ಪೂರಕಗಳನ್ನು ಸೇವಿಸಬಾರದೆಂದು ಸ್ಪಷ್ಟವಾಗಿ ತಿಳಿಸಿದೆ. ಹುರುಳಿ, ಅವರೆ, ಅಲಸಂದೆ, ಕಡಲೆಕಾಯಿ, ಮೊಟ್ಟೆ, ಹಾಲು ಇರುವ ಊರಿನಲ್ಲಿ ಆ ಡಬ್ಬಿಯ ಅಗತ್ಯವೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ವಾಟ್ಸ್‌ಆ್ಯಪ್ ಸ್ಟೇಟಸ್ಸಿನ ವ್ಯಾಪಾರ. ‘ಮೊದಲು’ ಮತ್ತು ‘ಆಮೇಲೆ’ ಎಂಬ ಎರಡು ಚಿತ್ರಗಳು, ಕೆಳಗೊಂದು ಫೋನ್ ಸಂಖ್ಯೆ. ಮಾರುವವರು ಅಪರಿಚಿತರಲ್ಲ; ದೂರದ ನೆಂಟರೋ, ಸ್ವಸಹಾಯ ಸಂಘದ ಪರಿಚಿತರೋ ಆಗಿರುತ್ತಾರೆ. ಆ ಕಾರಣದಿಂದಲೇ ಬೇಡವೆನ್ನಲು ಬಾಯಿ ಬರುವುದಿಲ್ಲ. ಕೊಂಡವರೇ ಮುಂದೆ ಮಾರುವವರಾಗಬೇಕೆಂಬ ಏರ್ಪಾಡು ಇರುವಲ್ಲಿ ಬಾಂಧವ್ಯವೇ ಬಂಡವಾಳವಾಗುತ್ತದೆ. ಹಣ ಹೋದಾಗ ಬಾಂಧವ್ಯವೂ ಹೋಗುತ್ತದೆ. ಊಟ ಬಿಟ್ಟು ಪುಡಿ ಕುಡಿದವರ ತೂಕ ಮೊದಲ ವಾರದಲ್ಲಿ ಇಳಿಯುವುದು ಸಹಜ. ಆಗ ಇಳಿಯುವುದರಲ್ಲಿ ಹೆಚ್ಚಿನ ಪಾಲು ನೀರಿನ ತೂಕ. ಮಾಮೂಲಿ ಊಟಕ್ಕೆ ಮರಳಿದೊಡನೆ ಅದು ಮರಳುತ್ತದೆ. ಆದರೆ ಚಿತ್ರ ತೆಗೆಯುವುದು ಮೊದಲ ವಾರದಲ್ಲಿ.

ಈ ಬಗ್ಗೆ ಕಾನೂನು ಇಲ್ಲದಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯ್ದೆಯ ಅನುಸೂಚಿಯಲ್ಲಿ ಬೊಜ್ಜು ಕೂಡ ಸೇರಿದ್ದು, ಅದನ್ನು ಗುಣಪಡಿಸುವ ಔಷಧವೆಂದು ಜಾಹೀರಾತು ನೀಡುವುದೇ ನಿಷಿದ್ಧ. ಔಷಧವಲ್ಲ, ಆಹಾರ ಪದಾರ್ಥವೆಂದು ಹೇಳಿ ಮಾರಿದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೆಯ ಪ್ರಕರಣದಡಿ, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹಣ ಪಡೆದು ಉತ್ಪನ್ನವನ್ನು ಹೊಗಳುವವರು ಆ ಸಂಗತಿಯನ್ನು ಬಹಿರಂಗಪಡಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಸೂಚಿಸಿದೆ. ದೂರು ಇರುವವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬಹುದು. ಪುಡಿಯ ಡಬ್ಬಿಯನ್ನೂ ಸ್ಟೇಟಸ್ಸಿನ ಚಿತ್ರವನ್ನೂ ಎಸೆಯದೆ ಉಳಿಸಿಕೊಳ್ಳಬೇಕು. ಅವಿಲ್ಲದ ದೂರು ನಿಲ್ಲುವುದು ಕಷ್ಟ.

ತಟ್ಟೆಯ ಮುಂದಿನ ಫೋನ್

ಮಗು ಊಟ ಮಾಡುವುದಿಲ್ಲವೆಂದು ಫೋನ್ ತೋರಿಸಿ ತುತ್ತು ಇಡುವುದು ಈಗ ಎಲ್ಲ ವರ್ಗದ ಮನೆಗಳಲ್ಲಿಯೂ ಕಾಣುವ ರೂಢಿ. ತಾಯಂದಿರನ್ನು ದೂರುವುದು ಸುಲಭ. ಬೆಳಗಿನಿಂದ ಕೂಲಿ, ದನಕರು, ಅಡುಗೆಗಳಲ್ಲಿ ದಣಿದವರಿಗೆ ಮಗು ಹತ್ತು ನಿಮಿಷ ಸುಮ್ಮನಿದ್ದರೆ ಸಾಕೆನಿಸುತ್ತದೆ. ಆದರೆ ಪರದೆಯಲ್ಲಿ ಕಣ್ಣು ನೆಟ್ಟ ಮಗುವಿಗೆ ಹೊಟ್ಟೆ ತುಂಬಿದ್ದೂ ತಿಳಿಯದು, ಹಸಿವೆಯೂ ತಿಳಿಯದು. ಕೆಲವು ಮಕ್ಕಳು ಬೇಕಾದುದಕ್ಕಿಂತ ಹೆಚ್ಚು ತಿನ್ನುತ್ತವೆ; ಇನ್ನು ಕೆಲವು, ಫೋನ್ ಇಲ್ಲದಿದ್ದರೆ ಅಂಗನವಾಡಿಯಲ್ಲಿ ಬಾಯಿಯನ್ನೇ ತೆರೆಯುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯನ್ನು ತೋರಿಸಲೇಬಾರದು, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ.

ವಯಸ್ಕರ ಸ್ಥಿತಿಯೂ ಭಿನ್ನವಲ್ಲ. ವಿಡಿಯೊ ನೋಡುತ್ತ ಉಣ್ಣುವವರಿಗೆ ಎಷ್ಟು ಉಂಡೆವೆಂಬುದರ ನೆನಪು ಮಸುಕಾಗುವುದರಿಂದ ಆ ಹೊತ್ತಿನಲ್ಲಷ್ಟೇ ಅಲ್ಲ, ನಂತರವೂ ಹೆಚ್ಚು ತಿನ್ನುತ್ತಾರೆ. ರಾತ್ರಿ ತಡವಾಗಿ ಮಲಗಿದರೆ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಿ, ತೃಪ್ತಿಯನ್ನು ತಿಳಿಸುವ ಲೆಪ್ಟಿನ್ ತಗ್ಗುತ್ತದೆ. ಹನ್ನೊಂದು ಗಂಟೆಗೆ ಕುರುಕಲು ಪೊಟ್ಟಣ ಹುಡುಕುವ ಕೈಯ ಹಿಂದೆ ನಾಲಗೆಯ ಚಪಲ ಮಾತ್ರವಲ್ಲ, ನಿದ್ರೆಯ ಸಾಲವೂ ಇದೆ. ಹೊಲದ ಕೆಲಸ ಯಂತ್ರಗಳಿಗೆ ಹೋಗಿ, ಎರಡು ಫರ್ಲಾಂಗಿಗೂ ಬೈಕ್ ಹತ್ತುವ ಕಾಲದಲ್ಲಿ ಕುಳಿತು ನೋಡುವ ಗಂಟೆಗಳು ಬೊಜ್ಜಿಗೆ ಸೇರುತ್ತಿವೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಾದ ನಡಿಗೆ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಜಗಲಿಯಿಂದ ಗುಂಪಿಗೆ

ಜಾಲತಾಣಗಳು ಬಾಂಧವ್ಯವನ್ನು ಕೆಡಿಸುತ್ತವೆ ಎಂದಷ್ಟೇ ಹೇಳಿದರೆ ಅರ್ಧ ಸತ್ಯವಾದೀತು. ಬೆಂಗಳೂರಿನಲ್ಲಿ ದುಡಿಯುವ ಮಗನ ಮುಖವನ್ನು ವಿಡಿಯೊ ಕರೆಯಲ್ಲಿ ದಿನವೂ ಕಾಣುವ ತಾಯಿಗೆ ಅದು ವರವೇ. ಕೆಡುಕು ಇರುವುದು ಹೋಲಿಕೆಯಲ್ಲಿ, ಬಹಿರಂಗವಾದ ಮಾತಿನಲ್ಲಿ. ‘ದಪ್ಪಗಾಗಿದ್ದೀಯಲ್ಲ’ ಎಂದು ಮನೆಗೆ ಬಂದ ಸೋದರತ್ತೆ ಹೇಳಿದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಅದೇ ಮಾತು ಚಿತ್ರದ ಕೆಳಗೆ ಬರಹವಾಗಿ ಉಳಿದಾಗ ಊರೆಲ್ಲ ಓದುತ್ತದೆ. ಚಿತ್ರವನ್ನು ತಿದ್ದಿ ತೆಳ್ಳಗೆ, ಬೆಳ್ಳಗೆ ಮಾಡಿ ಹಂಚಿದ ಮೇಲೆ ಸಂಬಂಧ ನೋಡಲು ಬಂದವರ ಮುಖಭಂಗ, ಹೆಣ್ಣಿನ ಅವಮಾನ ಎರಡನ್ನೂ ಹಿರಿಯರು ನಿಭಾಯಿಸಬೇಕಾಗಿದೆ. ಬಾಲಕಿಯರ ಚಿತ್ರಗಳನ್ನು ದುರುಪಯೋಗಪಡಿಸಿದ ಪ್ರಕರಣಗಳನ್ನು ಊರಿನಲ್ಲಿಯೇ ರಾಜಿ ಮಾಡಿಸುವ ಪ್ರಯತ್ನ ಸಲ್ಲದು. ಮಕ್ಕಳ ಸಹಾಯವಾಣಿ 1098 ಮತ್ತು ಸೈಬರ್ ಅಪರಾಧ ಸಹಾಯವಾಣಿ 1930 ಇರುವುದು ಇಂಥ ಸಂದರ್ಭಗಳಿಗಾಗಿ.

ಬಾಂಧವ್ಯಕ್ಕೂ ತೂಕಕ್ಕೂ ಇರುವ ನಂಟಿನ ಬಗ್ಗೆ 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಫ್ರೇಮಿಂಗ್‌ಹ್ಯಾಂ ಪಟ್ಟಣಕ್ಕೆ ಸಂಬಂಧಿಸಿದ 12,067 ಜನರ 32 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಒಬ್ಬರ ಸ್ನೇಹಿತರು ಬೊಜ್ಜು ಹೊಂದಿದರೆ ಅವರೂ ಬೊಜ್ಜು ಹೊಂದುವ ಸಾಧ್ಯತೆ ಶೇ. 57ರಷ್ಟು ಹೆಚ್ಚುವುದು ಕಂಡುಬಂದಿತು. ಇದರಲ್ಲಿ ಸ್ನೇಹದ ಪ್ರಭಾವ ಎಷ್ಟು, ಒಂದೇ ಬಗೆಯ ಜನ ಸ್ನೇಹಿತರಾಗುವುದು ಎಷ್ಟು ಎಂಬ ಚರ್ಚೆ ವಿದ್ವಾಂಸರಲ್ಲಿ ಮುಂದುವರಿದಿದೆ. ಹಾಗಿದ್ದರೂ ಅಭ್ಯಾಸಗಳು ಜೊತೆಗಾರರಿಂದ ಹರಡುತ್ತವೆ ಎಂಬುದನ್ನು ಹಳ್ಳಿಯಲ್ಲಿ ಬದುಕಿದ ಯಾರೂ ಅಲ್ಲಗಳೆಯಲಾರರು. ನಾಲ್ವರು ಮಹಿಳೆಯರು ಸಂಜೆ ನಡೆಯಲು ಹೊರಟರೆ ಐದನೆಯವರು ತಾವಾಗಿ ಸೇರಿಕೊಳ್ಳುತ್ತಾರೆ.

ಸಾಂಗ್ಲಿ ಜಿಲ್ಲೆಯ ಒಂದು ಗ್ರಾಮಸಭೆ

ನಮ್ಮ ಬೆಳಗಾವಿ, ವಿಜಯಪುರ ಜಿಲ್ಲೆಗಳಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಿದೆ. ಲಾಕ್‌ಡೌನ್ ನಂತರ ಮಕ್ಕಳು ಫೋನ್ ಬಿಡದಿರುವುದನ್ನು ಕಂಡ ಗ್ರಾಮಸ್ಥರು ಸಭೆಯಲ್ಲಿ ಚರ್ಚಿಸಿ, 2022ರ ಆಗಸ್ಟ್ 15ರಿಂದ ಒಂದು ಪದ್ಧತಿ ಜಾರಿಗೆ ತಂದರು. ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಮೊಳಗುತ್ತದೆ. ಆಗ ಮನೆಗಳಲ್ಲಿ ಟಿ.ವಿ., ಫೋನ್‌ಗಳನ್ನು ಬದಿಗಿಡುತ್ತಾರೆ. ಎಂಟೂವರೆಗೆ ಮತ್ತೊಮ್ಮೆ ಸೈರನ್. ಆ ಒಂದೂವರೆ ಗಂಟೆ ಮಕ್ಕಳ ಓದಿಗೆ, ಹಿರಿಯರ ಮಾತುಕತೆಗೆ. ಆರಂಭದಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು, ಪಂಚಾಯತಿ ಸಿಬ್ಬಂದಿ ಮನೆಮನೆಗೆ ಹೋಗಿ ತಿಳಿಹೇಳಿದರು. ದೊಡ್ಡವರೂ ಫೋನ್ ಇಟ್ಟದ್ದೇ ಈ ಪ್ರಯೋಗದ ಬಲ. ತಂದೆ ರೀಲ್ಸ್ ನೋಡುತ್ತ ಮಗನಿಗೆ ಪುಸ್ತಕ ತೆಗೆಯೆಂದರೆ ಮಗ ಕೇಳುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ 2019ರಲ್ಲಿ ಗುಜರಾತಿನ ಬನಾಸಕಾಂಠಾ ಜಿಲ್ಲೆಯ ಒಂದು ಸಮುದಾಯವು ಅವಿವಾಹಿತ ಹೆಣ್ಣುಮಕ್ಕಳು ಮೊಬೈಲ್ ಇಟ್ಟುಕೊಳ್ಳುವುದನ್ನೇ ನಿರ್ಬಂಧಿಸಿತು. ಇಂಥ ನಿರ್ಣಯಗಳತ್ತ ಯಾವ ಗ್ರಾಮ ಪಂಚಾಯತಿಯೂ ಹೊರಳಬಾರದು. ಅದೇ ವರ್ಷ ಕೇರಳ ಹೈಕೋರ್ಟ್, ವಿದ್ಯಾರ್ಥಿನಿಯರ ಹಾಸ್ಟೆಲ್ಲಿನ ಫೋನ್ ನಿರ್ಬಂಧದ ಪ್ರಕರಣವೊಂದರಲ್ಲಿ, ಅಂತರ್ಜಾಲದ ಬಳಕೆಯು ಶಿಕ್ಷಣ ಮತ್ತು ಖಾಸಗಿತನದ ಹಕ್ಕುಗಳ ಭಾಗವೆಂದು ತೀರ್ಪಿತ್ತಿದೆ. ಹುಡುಗಿಯ ಫೋನ್ ಕಿತ್ತುಕೊಂಡರೆ ಹೋಗುವುದು ರೀಲ್ಸ್ ಮಾತ್ರವಲ್ಲ. ವಿದ್ಯಾರ್ಥಿವೇತನದ ಅರ್ಜಿ, ಪಾಠ, ಆಪತ್ತಿನಲ್ಲಿ ಕರೆಯುವ ದಾರಿ ಎಲ್ಲವೂ ಹೋಗುತ್ತವೆ.

ಸದಸ್ಯರ ಕೈಯಲ್ಲಿ ಈಗಾಗಲೇ ಇರುವ ವೇದಿಕೆಗಳು ಕಡಿಮೆಯೇನಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಊಟದ ಹೊತ್ತಿನ ಫೋನ್ ಬಳಕೆ, ತೂಕ ಇಳಿಸುವ ಪುಡಿಗಳ ಮಾರಾಟ ಇವೆರಡನ್ನೂ ಕಾರ್ಯಸೂಚಿಗೆ ಸೇರಿಸಬಹುದು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳನ್ನೇ ಕೇಳಬಹುದು. ಮನೆಯಲ್ಲಿ ಹೆಚ್ಚು ಹೊತ್ತು ಫೋನ್ ಹಿಡಿಯುವವರು ಯಾರೆಂಬ ಪ್ರಶ್ನೆಗೆ ಅವರು ಕೊಡುವ ಉತ್ತರ ಹಿರಿಯರಿಗೆ ಹಿತವಾಗಿರಲಾರದು. ಊಟ ಬಿಡುವ, ಒಬ್ಬಂಟಿಯಾಗಿ ಕೂರುವ, ಫೋನ್ ತೆಗೆದುಕೊಂಡರೆ ಉಗ್ರವಾಗುವ ಮಕ್ಕಳು ಕಂಡುಬಂದರೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಿಂದ ತಂತ್ರಜ್ಞಾನದ ಅತಿಬಳಕೆಗೆಂದೇ ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ.

ಸಂಜೆಯ ಒಂದು ಗಂಟೆಯನ್ನು ಪರದೆಯಿಂದ ಬಿಡಿಸಲು ನಿರ್ಧರಿಸುವ ಗ್ರಾಮಗಳು ಆ ಹೊತ್ತಿಗೆ ಮಕ್ಕಳು ಎಲ್ಲಿಗೆ ಹೋಗಬೇಕೆಂಬುದನ್ನೂ ಅದೇ ಸಭೆಯಲ್ಲಿ ನಿರ್ಣಯಿಸುವುದು ಅವಶ್ಯ. ಗ್ರಾಮ ಪಂಚಾಯತಿಯ ಅರಿವು ಕೇಂದ್ರವು ಆಗ ತೆರೆದಿರಬೇಕು, ಶಾಲಾ ಮೈದಾನದಲ್ಲಿ ದೀಪವಿರಬೇಕು, ಮಹಿಳೆಯರು ನಡೆಯುವ ರಸ್ತೆಯ ಬೀದಿದೀಪಗಳು ಉರಿಯುತ್ತಿರಬೇಕು. ಈ ಮೂರೂ ಗ್ರಾಮ ಪಂಚಾಯತಿಯ ಅಧೀನದಲ್ಲಿಯೋ ಸಹಕಾರದಲ್ಲಿಯೋ ಆಗಬಹುದಾದ ಕೆಲಸಗಳು.