ಕೋಳಿ ಎಣಿಸಿದ ಮೀನಾ

“ಹೆಣ್ಣುಮಗು ಓದಿ ಯಾವ ಅಮಲ್ದಾರಿಕೆ ಮಾಡಬೇಕಾಗಿದೆ? ನಾಳೆ ಇನ್ನೊಬ್ಬರ ಮನೆ ಒಲೆ ಊದೋಳು ತಾನೆ?”

ಈ ಮಾತು ಕೇಳದ ಊರಿಲ್ಲ. ನಮ್ಮ ತಾಲ್ಲೂಕಿನ ಜಗಲಿಯ ಮೇಲೂ ಇದೇ, ಬಾಂಗ್ಲಾದೇಶ, ನೇಪಾಳ, ಪಾಕಿಸ್ತಾನದ ಹಳ್ಳಿಗಳಲ್ಲೂ ಇದೇ. ಭಾಷೆ ಬೇರೆ, ಮಾತು ಒಂದೇ. ಈ ಮಾತಿಗೆ ಉತ್ತರ ಕೊಡಲೆಂದೇ ಹುಟ್ಟಿದವಳು ಮೀನಾ. ಅವಳು ಕಾರ್ಟೂನ್ ಹುಡುಗಿ.

ಸಾರ್ಕ್ ರಾಷ್ಟ್ರಗಳು 1991ರಿಂದ 2000ದವರೆಗಿನ ಹತ್ತು ವರ್ಷವನ್ನು ಹೆಣ್ಣುಮಗುವಿನ ದಶಕವೆಂದು ಸಾರಿದವು. ಸಾರುವುದೇನೋ ಸುಲಭ. ಅದು ಅಕ್ಷರ ಬಾರದ ತಾಯಿಗೆ ಮುಟ್ಟುವುದು ಹೇಗೆ? ಯುನಿಸೆಫ್‌ನ ಬಾಂಗ್ಲಾದೇಶ ಕಚೇರಿ ಕಾರ್ಟೂನಿನ ದಾರಿ ಹಿಡಿಯಿತು. ಫಿಲ್ಮ್ಸ್ ಡಿವಿಜನ್‌ನಲ್ಲಿ ಪಳಗಿದ್ದ ಭಾರತದ ರಾಮ್ ಮೋಹನ್ ಮೀನಾಳಿಗೆ ರೂಪ ಕೊಟ್ಟರು. (ಅವರು 2019ರಲ್ಲಿ ತೀರಿಕೊಂಡರು.) ಚಿತ್ರಗಳನ್ನು ಹಳ್ಳಿಗಳಿಗೆ ಒಯ್ದು, ಜನರಿಗೆ ತೋರಿಸಿ, ಅಭಿಪ್ರಾಯ ಕೇಳಿ ತಿದ್ದಿದರು. ಹಿಂದೂ ಮನೆಗೂ ಮುಸ್ಲಿಂ ಮನೆಗೂ ಒಪ್ಪುವ ಹೆಸರು. ಯಾವ ಒಂದು ದೇಶಕ್ಕೂ ಅಂಟದ ಉಡುಪು. ಜೊತೆಗೆ ತಮ್ಮ ರಾಜು, ಪುಟ್ಟ ತಂಗಿ ರಾಣಿ, ಮಾತಾಡುವ ಗಿಳಿ ಮಿಠು.

ಗಿಳಿ ಕಲಿಸಿದ ಪಾಠ

ಮೊದಲ ಚಿತ್ರದಲ್ಲಿ ರಾಜು ಶಾಲೆಗೆ ಹೋಗುತ್ತಾನೆ, ಮೀನಾ ಮನೆಗೆಲಸಕ್ಕೆ ಉಳಿಯುತ್ತಾಳೆ. ಹುಡುಗಿ ಸುಮ್ಮನೆ ಕೂರುವವಳಲ್ಲ. ಮಿಠುವನ್ನು ಶಾಲೆಗೆ ಅಟ್ಟುತ್ತಾಳೆ. ಗಿಳಿ ಪಾಠ ಕೇಳಿಕೊಂಡು ಬಂದು ಅವಳಿಗೆ ಒಪ್ಪಿಸುತ್ತದೆ. ಹಾಗೆ ಎಣಿಕೆ ಕಲಿತ ಮೀನಾ ಕೋಳಿ ಎಣಿಸುತ್ತಾಳೆ. ಒಂದು ಕಮ್ಮಿ! ಅವಳ ಕೂಗಿಗೆ ಊರು ಓಡಿಬರುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಅಪ್ಪನಿಗೆ ಓದಿನ ಬೆಲೆ ಗೊತ್ತಾಗುತ್ತದೆ.

ಇನ್ನೊಂದು ಚಿತ್ರ ಮಾವಿನಹಣ್ಣಿನದು. ದೊಡ್ಡ ಪಾಲು ರಾಜುವಿಗೆ, ಸಣ್ಣದು ಮೀನಾಗೆ. ಅಕ್ಕ ತಮ್ಮ ಒಂದು ದಿನ ಕೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ. ಅಕ್ಕನ ಕೆಲಸ, ಅಕ್ಕನ ಊಟ ಎರಡೂ ಸಿಕ್ಕಾಗ ರಾಜು ಸುಸ್ತು! ಚಿತ್ರದಲ್ಲಿ ಉಪದೇಶವಿಲ್ಲ, ಬೈಗುಳವಿಲ್ಲ. ಲೆಕ್ಕ ಮಾತ್ರ. ಗಂಡಸರೂ ನಕ್ಕು ನೋಡುವುದು ಅದಕ್ಕೇ.

ಕೋಳಿ ಕಳುವಾಗದಿದ್ದರೆ?

ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ. ಕಳ್ಳ ಬರದೇ ಇದ್ದಿದ್ದರೆ ಮೀನಾಗೆ ಶಾಲೆ ಇರಲಿಲ್ಲವೇ? ರಾಜು ಯಾವ ಕಳ್ಳನನ್ನು ಹಿಡಿದು ಶಾಲೆ ಸೇರಿದ? ಗಂಡಿಗೆ ಹುಟ್ಟಿನಿಂದ ಬಂದದ್ದನ್ನು ಹೆಣ್ಣು ಏಕೆ ಲಾಭ ತೋರಿಸಿ ಗಳಿಸಬೇಕು?

ಕಾನೂನು ಇದಕ್ಕೆ ಉತ್ತರ ಕೊಟ್ಟಿದೆ, ಆದರೆ ಅರ್ಧ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಕ್ಕಳಿಗೆ ಓದು ಉಚಿತ, ಕಡ್ಡಾಯ. ಅಲ್ಲಿಯವರೆಗೆ ಯಾವ ಕೋಳಿಯನ್ನೂ ಎಣಿಸಬೇಕಾಗಿಲ್ಲ. ಆಮೇಲೆ? ಮದುವೆಗೆ 18 ತುಂಬಬೇಕು. ಅದಕ್ಕೆ ಮುಂಚೆ ಆದ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಕರ್ನಾಟಕ 2016ರ ತಿದ್ದುಪಡಿಯಲ್ಲಿ ಹೇಳಿತು. ಆದರೆ 14ಕ್ಕೂ 18ಕ್ಕೂ ನಡುವಿನ ನಾಲ್ಕು ವರ್ಷ ಹುಡುಗಿ ಮತ್ತೆ ಅಪ್ಪನ ಲೆಕ್ಕಕ್ಕೇ ಬೀಳುತ್ತಾಳೆ. ಹೈಸ್ಕೂಲು ದೂರ, ಬಸ್ಸಿಗೆ ಹೊತ್ತುಗೊತ್ತಿಲ್ಲ, ಶೌಚಾಲಯಕ್ಕೆ ನೀರಿಲ್ಲ, ಊರವರ ಬಾಯಿ ಬೇರೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿದ್ದು ಈ ದೂರದ ತೊಡಕಿಗೇ.

ಮೀನಾ ಬೇಕಾಗಿರುವುದು ಈ ನಾಲ್ಕು ವರ್ಷಕ್ಕೆ. ಅವಳ ಚಿತ್ರಗಳ ಜೊತೆ ಕಥೆಪುಸ್ತಕ, ಭಿತ್ತಿಚಿತ್ರ, ಚರ್ಚೆ ನಡೆಸುವವರಿಗೆ ಕೈಪಿಡಿ ಎಲ್ಲವನ್ನೂ ತಯಾರಿಸಿದ್ದರು. ಚಿತ್ರ ಮುಗಿದ ಮೇಲೆ ಮಾತು ನಡೆಯಲಿ ಎಂಬುದೇ ಉದ್ದೇಶ. ಮಕ್ಕಳ ದಿನಾಚರಣೆಗೆ ಒಂದು ರೀಲು ತೋರಿಸಿ, ಸಿಹಿ ಹಂಚಿ, ಪರದೆ ಸುತ್ತಿಟ್ಟರೆ ಅದು ಬರೀ ಸಿನಿಮಾ. ತೋರಿಸುವುದಾದರೆ ಹುಡುಗಿಯರಿಗೆ ಮಾತ್ರ ತೋರಿಸಿ ಫಲವಿಲ್ಲ. ಅವರಿಗೆ ವಿಷಯ ಗೊತ್ತೇ ಇದೆ. ಶಾಲಾಭಿವೃದ್ಧಿ ಸಮಿತಿ ಸಭೆಯ ದಿನ ಅಪ್ಪಂದಿರನ್ನೂ ಅಜ್ಜಿಯರನ್ನೂ ಕೂರಿಸಿ ತೋರಿಸಬೇಕು. ಆಮೇಲೆ ಎಂಟನೇ ತರಗತಿ ಮುಗಿಸಿದ ಹುಡುಗಿಯರ ಪಟ್ಟಿ ಓದಿ, ಒಂಬತ್ತಕ್ಕೆ ಎಷ್ಟು ಜನ ಸೇರಿದರೆಂದು ಎಣಿಸಬೇಕು. ಒಂದು ಕಮ್ಮಿಯಾದರೆ ಊರು ಕೋಳಿಗೆ ಓಡಿಬಂದಂತೆ ಓಡಿಬರಲಿ.